ಸದ್ದಿಗಿಂತ ಮುಂಚೆ ಹೊಗೆ

ಬಸ್ ಡಿಪೋದ ಟೈಮ್‌ಕೀಪರ್ ಎಂದರೆ ಡ್ರೈವರುಗಳಿಗೆಲ್ಲ ಒಳಗೊಳಗೇ ಪುಕುಪುಕು. ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುತ್ತಾ ಅವನು ಹತ್ತೊಂಬತ್ತು ವರ್ಷ ಸವೆಸಿದ್ದ. ಎರಡು ನಿಮಿಷ ತಡವಾಗಿ ಬಂದ ಡ್ರೈವರು, "ಸರಿಯಾಗೇ ಬಂದೆ ಅಂತ ಬರ್ಕೊಳ್ಳಿ ಸಾರ್" ಎಂದು ಹಲ್ಲು ಕಿರಿದರೆ, ಇವನು ತಲೆಯೆತ್ತದೆ ಎರಡು ನಿಮಿಷವನ್ನೂ ಬರೆದು, ಬೇಕಾದರೆ ಇಪ್ಪತ್ತು ಸೆಕೆಂಡನ್ನೂ ಸೇರಿಸುವ ಆಸಾಮಿ. ಇಂಥವನು ಸ್ವಂತ ಮಗಳ ಓಟದ ಹೊತ್ತು ಹಿಡಿಯುವುದರಲ್ಲಿ ಎಡವಿದ ಎಂದರೆ ಯಾರು ನಂಬುತ್ತಾರೆ? ಆದರೆ ಎಡವಿದ. ಒಂದು ದಿನವಲ್ಲ, ಏಳು ತಿಂಗಳು.

ಮಗಳಿಗೆ ಹದಿನೈದು. ಉದ್ದುದ್ದ ಕಾಲು, ಕೂತಲ್ಲಿ ಕೂರದ ಸ್ವಭಾವ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಮಿಡತೆ. ಇನ್ನೂರು ಮೀಟರನ್ನು ಇಪ್ಪತ್ತೇಳು ಸೆಕೆಂಡಿನೊಳಗೆ ಓಡಿದರೆ ಕ್ರೀಡಾಶಾಲೆಯಲ್ಲಿ ಸೀಟು. ಆಯ್ಕೆಗೆ ಹದಿನಾರು ತುಂಬಿರಬಾರದು. ಅಂದರೆ ಅವಳಿಗೆ ಇದೊಂದೇ ಸಲ. ಹೋದರೆ ಹೋಯಿತು.

ತರಬೇತಿ ಕೊಡುತ್ತಿದ್ದವರು ಸೀಟಿ ಮೇಡಂ. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿಗೆ ಮಾತ್ರ ನಿವೃತ್ತಿಯಿಲ್ಲ. ಅವರ ಕಟ್ಟಳೆ ನೇರ. ವಾರಕ್ಕೆ ಎರಡೇ ದಿನ ಜೀವ ಬಿಟ್ಟು ಓಡುವುದು. ಉಳಿದ ದಿನ ಪಕ್ಕದವಳ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಒಂದು ದಿನ ಪೂರ್ತಿ ರಜೆ, ಒಂಬತ್ತು ಗಂಟೆ ನಿದ್ದೆ. "ಓಡುವಾಗ ಯಾರಿಗೂ ಶಕ್ತಿ ಬರಲ್ಲ, ಮಲಗಿದಾಗ ಬರುತ್ತೆ" ಎನ್ನುತ್ತಿದ್ದರು. ಭಾನುವಾರ ಮಾತ್ರ ಅವರಿಗೆ ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸ. ಹಾಗಾಗಿ ಭಾನುವಾರದ ಪರೀಕ್ಷೆ ಓಟಕ್ಕೆ ವಾಚು ಹಿಡಿಯುವವನು ಅಪ್ಪ. ಅವನಿಗಿಂತ ತಕ್ಕವರು ಇನ್ನಾರಿದ್ದಾರೆ?

ಇನ್ನೂರು ಮೀಟರಿನ ಓಟ ಶುರುವಾಗುವುದು ಮೈದಾನದ ಆಚೆ ತಿರುವಿನಲ್ಲಿ, ಮುಗಿಯುವುದು ಈಚೆ ಬದಿಯಲ್ಲಿ. ಅಲ್ಲಿ ಮಿಡತೆಯ ಗೆಳತಿ ಎರಡು ಹಲಗೆಯನ್ನು ಪಟ್ ಎಂದು ಬಡಿಯುತ್ತಿದ್ದಳು, ಇಲ್ಲಿ ಅಪ್ಪ ವಾಚು ಒತ್ತುತ್ತಿದ್ದ. ಆಯ್ಕೆಗೆ ಇನ್ನು ಆರು ವಾರ ಇದ್ದಾಗ ಇಪ್ಪತ್ತಾರು ಪಾಯಿಂಟ್ ಎಂಟು ಬಂತು. ಅಪ್ಪನಿಗೆ ಹಿಗ್ಗೋ ಹಿಗ್ಗು. ಡಿಪೋದಲ್ಲಿ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

"ಬಸ್ಸಿಗಿಂತ ನಿಮ್ಮ ಮಗಳೇ ಬೇಗ ಬರ್ತಾಳೆ ಅನ್ನಿ" ಎಂದು ಡ್ರೈವರೊಬ್ಬ ಕಿಚಾಯಿಸಿದ.

"ನಿನ್ನ ಬಸ್ಸಿಗಿಂತ ನಮ್ಮತ್ತೆ ಬೇಗ ಬರ್ತಾರೆ" ಎಂದ ಇವನು.

ಮರುವಾರ ಮೊಮ್ಮಗು ಊರಲ್ಲಿರಲಿಲ್ಲ, ಮೇಡಂ ತಾವೂ ಒಂದು ವಾಚು ಹಿಡಿದು ಬಂದರು. ಮಿಡತೆ ಓಡಿದಳು. ಇವನ ವಾಚಿನಲ್ಲಿ ಇಪ್ಪತ್ತಾರು ಪಾಯಿಂಟ್ ಎಂಟು. ಮೇಡಂ ವಾಚಿನಲ್ಲಿ ಇಪ್ಪತ್ತೇಳು ಪಾಯಿಂಟ್ ಒಂದು.

"ನಿಮ್ಮ ವಾಚು ಕೆಟ್ಟಿದೆ ಮೇಡಂ" ಎಂದ ಟೈಮ್‌ಕೀಪರ್, ಒಂದಿಷ್ಟೂ ಅಳುಕದೆ.

ಮೇಡಂ ವಾದಕ್ಕಿಳಿಯಲಿಲ್ಲ. ವಾಚು ಅದಲುಬದಲು ಮಾಡಿದರು, ಇನ್ನೊಬ್ಬ ಹುಡುಗಿಯನ್ನು ಓಡಿಸಿದರು. ಮತ್ತೆ ಅದೇ, ಸೆಕೆಂಡಿನ ಹತ್ತರಲ್ಲಿ ಮೂರು ಚೂರಿನ ವ್ಯತ್ಯಾಸ, ಮತ್ತೆ ಇವನದೇ ಕಡಿಮೆ. ತಪ್ಪು ವಾಚಿನದಲ್ಲ, ಕೈಯದು ಎಂದು ಅವನಿಗೂ ಹೊಳೆಯಿತು.

"ಒತ್ತೋವಾಗ ಏನು ನೋಡ್ತೀರಿ?" ಎಂದು ಮೇಡಂ ಕೇಳಿದರು.

"ನೋಡೋದೇನು ಮೇಡಂ? ಸದ್ದು ಕೇಳಿದ ತಕ್ಷಣ ಒತ್ತೋದು."

"ಅಲ್ಲೇ ಆಗಿರೋದು ಎಡವಟ್ಟು. ಸದ್ದು ಅಷ್ಟು ದೂರದಿಂದ ಬರೋ ಹೊತ್ತಿಗೆ ಹುಡುಗಿ ಹೊರಟಾಗಿರುತ್ತೆ. ಕಣ್ಣಿಗೆ ಹಲಗೆ ಕೂಡಿದ್ದು ಕಾಣುತ್ತಲ್ಲ, ಆಗಲೇ ಒತ್ತಬೇಕು. ಆಯ್ಕೆಯಲ್ಲಿ ಪಿಸ್ತೂಲಿನ ಹೊಗೆ ನೋಡಿ ಒತ್ತಾರೆ."

ಹಾಗಾದರೆ ಏಳು ತಿಂಗಳು ಬರೆದದ್ದೆಲ್ಲ ಸುಳ್ಳು. ಟೈಮ್‌ಕೀಪರ್ ದೂರದಲ್ಲಿ ಕಾಲು ಚಾಚಿ ಕೂತು ಗೆಳತಿಯ ಜೊತೆ ನಗುತ್ತಿದ್ದ ಮಗಳನ್ನು ನೋಡಿದ.

"ಅವಳಿಗೆ ಈಗಲೇ ಹೇಳೋದು ಬೇಡ ಮೇಡಂ. ಕುಗ್ಗಿಹೋಗ್ತಾಳೆ."

"ನಾನಂತೂ ಹೇಳಲ್ಲ. ಅದು ನಿಮ್ಮ ಕೆಲಸ" ಎಂದರು ಮೇಡಂ. ಮುಖದಲ್ಲಿ ನಗುವಿರಲಿಲ್ಲ.

ಅವನು ಹೇಳಲಿಲ್ಲ. ಅಂಜುಬುರುಕತನವಲ್ಲದೆ ಇನ್ನೇನು? ಮುಂದಿನ ಭಾನುವಾರ ಮಾತ್ರ ಹಲಗೆ ನೋಡಿಯೇ ಒತ್ತಿದ. ಇಪ್ಪತ್ತೇಳು ಪಾಯಿಂಟ್ ಎರಡು. ಮಿಡತೆ ವಾಚನ್ನು ಕಿತ್ತುಕೊಂಡು ನೋಡಿದಳು, ಮುಖ ಬಿಳಿಚಿಕೊಂಡಿತು. "ಮೈ ಸರಿಯಿಲ್ಲವೇನೋ" ಎಂದು ಅಪ್ಪ ತೇಲಿಸಿಬಿಟ್ಟ.

ಅವಳು ಬೇರೆಯೇ ಲೆಕ್ಕ ಹಾಕಿದಳು. ನಿಧಾನವಾಗಿ ಓಡಿ ಓಡಿ, ರಜೆ ಮಾಡಿ ಮಾಡಿ ಕಾಲಿನ ವೇಗ ಸತ್ತಿದೆ! ಅಂದಿನಿಂದ ಹಾಲು ತರುತ್ತೇನೆಂದು ಹೇಳಿ ಬೆಳಿಗ್ಗೆ ಬೆಳಿಗ್ಗೆಯೇ ಹೊರಡತೊಡಗಿದಳು. ಹಾಲು ತರಲು ಮುಕ್ಕಾಲು ಗಂಟೆ ಏಕೆ ಬೇಕೆಂದು ಅವಳಮ್ಮನಿಗೆ ಗುಮಾನಿ. ಆಕೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವಳು, ಮುರಿದ ಮೂಳೆಗಳನ್ನು ದಿನವೂ ನೋಡುವವಳು.

"ರೀ, ಇವಳು ಮೆಟ್ಟಿಲಿಳಿಯೋವಾಗ ಗೋಡೆ ಹಿಡ್ಕೋತಿದಾಳೆ. ಮೊಣಕಾಲಿನ ಕೆಳಗೆ ಮುಟ್ಟಿದ್ರೆ ಹಲ್ಲು ಕಚ್ತಾಳೆ. ನಿಮ್ಮ ಸೆಕೆಂಡು ಹಾಳಾಗಲಿ, ನನ್ನ ಮಗಳ ಕಾಲು ಉಳಿಸ್ಕೊಡಿ."

ಬುಧವಾರ, ಅವಳ ಓಟಕ್ಕೆ ಪೂರ್ತಿ ರಜೆಯ ದಿನ, ಅಪ್ಪ ಹಿಂದೆಯೇ ಹೋದ. ಡಿಪೋದ ಹಿಂದಿನ ಗಟ್ಟಿ ರಸ್ತೆಯಲ್ಲಿ, ನಿಂತ ಬಸ್ಸುಗಳ ಪಕ್ಕದಲ್ಲಿ, ಮಿಡತೆ ಒಂದು ಕಂಬದಿಂದ ಇನ್ನೊಂದಕ್ಕೆ ಉಸಿರು ಕಟ್ಟಿ ಓಡುತ್ತಿದ್ದಳು. ಒಂದು ಕಾಲು ಎಳೆಯುತ್ತಿತ್ತು. ಇದೆಲ್ಲ ತನ್ನ ಕೈಯಿಂದಲೇ ಆದದ್ದು.

"ನಿಲ್ಲು ಮಗಳೆ. ನಿನ್ನ ವೇಗ ಎಲ್ಲೂ ಹೋಗಿಲ್ಲ. ನನ್ನ ಲೆಕ್ಕವೇ ತಪ್ಪು" ಎಂದ. ಹಲಗೆ, ಸದ್ದು, ಮೂರು ಚೂರು, ಒಂದನ್ನೂ ಬಿಡದೆ ಹೇಳಿದ.

ಅವಳು ಕೇಳಿಸಿಕೊಂಡಳು. "ಅಂದ್ರೆ ನಾನು ಯಾವತ್ತೂ ಇಪ್ಪತ್ತಾರು ಓಡೇ ಇಲ್ಲ."

"ಇಲ್ಲ."

"ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಹತ್ತು ದಿನ."

"ಒಬ್ಬ ಡ್ರೈವರ್ ಹತ್ತು ದಿನ ತಪ್ಪು ಹೇಳಿದ್ರೆ ನೀನು ಬಿಡ್ತಿದ್ಯಾ?"

ಅವಳು ಕುಂಟುತ್ತಾ ಮನೆಗೆ ನಡೆದಳು, ಎರಡು ದಿನ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಎದುರಿಗೆ ಬಂದು ನಿಂತಳು.

"ಮೂರು ವಾರ ಇದೆ. ಮೇಡಂ ಹತ್ರ ಬಾ. ಎಲ್ಲಿ ಕಳ್ಕೋತಿದೀನಿ ಅಂತ ಕೇಳ್ಬೇಕು."

ಮೇಡಂ ಮೊದಲು ಎಂಟು ದಿನ ಓಡುವುದನ್ನೇ ನಿಲ್ಲಿಸಿದರು. ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ಕಾಲಾಡಿಸಲು ಹೇಳಿದರು. ನೋವು ಇಳಿದ ಮೇಲೆ ನೂರೈವತ್ತು ಮೀಟರಿನ ಓಟ, ಮೂರೇ ಸಲ. ನಡುವೆ ಎಂಟು ನಿಮಿಷ ವಿಶ್ರಾಂತಿ, ಏಳಲ್ಲ, ಎಂಟು. ಆ ಎಂಟು ನಿಮಿಷ ಕಾಯುವುದು ಓಡುವುದಕ್ಕಿಂತ ಕಷ್ಟವೆಂದು ಮಿಡತೆ ಗೊಣಗಿದಳು. ಆದರೂ ಕಾದಳು. ಅವಳು ಸೋಲುತ್ತಿದ್ದದ್ದು ಕೊನೆಯ ಐವತ್ತು ಮೀಟರಿನಲ್ಲಿ. ದಣಿವಾದ ಕೂಡಲೇ ಭುಜ ಕಿವಿಗೆ ಏರುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು, ಹೆಜ್ಜೆ ಕುಗ್ಗುತ್ತಿತ್ತು.

"ಅಲ್ಲಿ ಇನ್ನೂ ಜೋರಾಗಿ ಓಡೋಕೆ ಹೋಗ್ಬೇಡ. ದವಡೆ ಸಡಿಲ ಬಿಡು, ಕೈ ಹಿಂದಕ್ಕೆ ಬೀಸು. ಕಾಲು ತಾನಾಗೇ ಬರುತ್ತೆ" ಎಂದು ಮೇಡಂ ನೂರು ಸಲ ಹೇಳಿದರು. ಅಪ್ಪನ ಕೆಲಸ, ಆ ಐವತ್ತು ಮೀಟರಿನ ಪಕ್ಕದಲ್ಲಿ ನಿಂತು "ಭುಜ, ಭುಜ" ಎಂದು ಕೂಗುವುದು. ಡಿಪೋದಲ್ಲಿ ಅವನ ಗಂಟಲು ಕಟ್ಟಿದ್ದನ್ನು ಕಂಡು ಡ್ರೈವರುಗಳಿಗೆ ಖುಷಿಯೋ ಖುಷಿ.

ಆಯ್ಕೆಯ ದಿನ ಹೆತ್ತವರನ್ನು ಹಗ್ಗದಾಚೆ ನಿಲ್ಲಿಸಿದರು. ಪಿಸ್ತೂಲು ಸಿಡಿಯಿತು. ಮಿಡತೆ ತಿರುವಿನಿಂದ ಮೂರನೆಯವಳಾಗಿ ಹೊರಬಿದ್ದಳು. ಕೊನೆಯ ಐವತ್ತರಲ್ಲಿ ಭುಜ ಏರಲು ನೋಡಿತು. ಅಪ್ಪನಿಗೆ ಕೂಗುವ ಆಸೆ, ಕೂಗಿದರೂ ಕೇಳಿಸದಷ್ಟು ದೂರ. ಅವಳೇ ಭುಜ ಇಳಿಸಿದಳು, ದವಡೆ ಸಡಿಲ ಬಿಟ್ಟಳು, ಎರಡನೆಯವಳಾಗಿ ಗೆರೆ ದಾಟಿದಳು.

ಮೈಕಿನಲ್ಲಿ ಸಮಯ ಬಂತು: ಇಪ್ಪತ್ತಾರು ಪಾಯಿಂಟ್ ಒಂಬತ್ತು.

ಅಪ್ಪ ಹಗ್ಗದ ಕೆಳಗೆ ನುಸುಳಿ ಓಡಿದ. ಮಗಳ ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಹೊಗೆ ನೋಡಿ ಒತ್ತಿದ್ರಾ ಅಂತ ಹೋಗಿ ಕೇಳು" ಎಂದಳು, ಏದುಸಿರಿನಲ್ಲೇ.

"ಏನು ಕೇಳೋದು? ಬಂತಲ್ಲ, ಸುಮ್ನಿರು ಕಣೆ. ಕೆದಕಿದ್ರೆ ಇರೋದೂ ಹೋಗುತ್ತೆ."

"ಹೋದ್ರೆ ಹೋಗ್ಲಿ. ಸುಳ್ಳು ಲೆಕ್ಕ ನಂಬ್ಕೊಂಡು ಇನ್ನೊಂದ್ಸಲ ಓಡಲ್ಲ ನಾನು. ನೀನು ಕೇಳ್ತೀಯೋ, ನಾನೇ ಕೇಳ್ಲೋ?"

ಅವನಿಗೆ ಮನಸ್ಸಿರಲಿಲ್ಲ. ಆದರೂ ಹೋದ. ಗೆರೆಯ ಪಕ್ಕದ ಮೆಟ್ಟಿಲ ಮೇಲೆ ಮೂವರು ವಾಚು ಹಿಡಿದು ಕೂತಿದ್ದರು. ಮೇಲಿನ ಮೆಟ್ಟಿಲಲ್ಲಿದ್ದ ನರೆಗೂದಲ ಹೆಂಗಸು ಅವನ ಪ್ರಶ್ನೆ ಕೇಳಿ ಕನ್ನಡಕ ಕೆಳಗಿಳಿಸಿದರು.

"ಟೈಮ್ ಜಾಸ್ತಿ ಬಂತು ಅಂತ ಜಗಳಕ್ಕೆ ಬರೋ ಅಪ್ಪಂದಿರನ್ನ ದಿನಾ ನೋಡ್ತೀನಿ. ಕಡಿಮೆ ಬಂದಿದ್ದು ಸರೀನಾ ಅಂತ ಕೇಳೋರು ನೀವೊಬ್ರೇ." ಆಮೇಲೆ ಅವನ ಮುಖ ನೋಡಿ, ದನಿ ತಗ್ಗಿಸಿ ಹೇಳಿದರು: "ಹೊಗೆ ನೋಡೇ ಒತ್ತಿದ್ದು ಸ್ವಾಮಿ. ಮೂವರೂ."

ಅವನು ಹಿಂದಿರುಗಿ ಬಂದ. ಹೌದೆಂದು ತಲೆಯಾಡಿಸಿದ, ಕಣ್ಣು ತುಂಬಿಬಂದಿತ್ತು. ಮಿಡತೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು.

"ಹಾಗಾದ್ರೆ ಇದು ನಂದೇ" ಎಂದಳು.