ಗುಂಡುಕಲ್ಲಿನ ಉಸಿರು

ಸಂಕರ್ಷಣನ ಕಂಪನಿ ಇದ್ದದ್ದು ಮಲ್ಲೇಶ್ವರದ ಒಂದು ಹಳೇ ಮನೆಯ ಮುಂಭಾಗದಲ್ಲಿ. ಏನು ತಯಾರಿಸ್ತೀರಿ ಅಂತ ಕೇಳಿದವರಿಗೆ ಅವನು, "ನಾವೇನೂ ತಯಾರಿಸಲ್ಲ ಸಾರ್, ತಯಾರಿಸೋ ತಾಕತ್ತು ಇರೋರನ್ನ ಒಂದೇ ಮೇಜಿನ ಸುತ್ತ ಕೂರಿಸ್ತೀವಿ" ಅನ್ನುತ್ತಿದ್ದ. ಕಾಲೇಜಿನ ವಿದ್ಯೆ ಕಾಲೇಜಿನಲ್ಲೇ ಕೊಳೆಯುತ್ತಿದೆ, ಆಸ್ಪತ್ರೆಯ ಕಷ್ಟ ಆಸ್ಪತ್ರೆಯಲ್ಲೇ ಉಳಿಯುತ್ತಿದೆ, ಎರಡಕ್ಕೂ ಗಂಟು ಹಾಕಬೇಕು ಅನ್ನುವುದು ಅವನ ಹುಚ್ಚು. ೨೦೦೩ರ ಬೆಂಗಳೂರಿನಲ್ಲಿ ಇಂಥ ಹುಚ್ಚಿಗೇನೂ ಬರಗಾಲ ಇರಲಿಲ್ಲ.

ಅವನ ಸಲಹೆಗಾರರು ಇಬ್ಬರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮಲ್ಲಿಕಾರ್ಜುನಯ್ಯ ಮೇಷ್ಟ್ರು ಒಬ್ಬರು. ಶೇಷಾದ್ರಿಪುರಂನ ಒಂದು ನರ್ಸಿಂಗ್ ಹೋಮಿನಲ್ಲಿ ಮಕ್ಕಳ ಡಾಕ್ಟರಾಗಿದ್ದ ತ್ರಿಪುರಸುಂದರಿ ಇನ್ನೊಬ್ಬರು. ಇಬ್ಬರೂ ಘಟಾನುಘಟಿಗಳೇ. ಆದರೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಎಷ್ಟು ಗೌರವ ಅಂದರೆ ನೋಡುವವರಿಗೆ ಮುಜುಗರ ಆಗಬೇಕು. ಮೇಷ್ಟ್ರು ಮಾತಾಡಿದರೆ ಡಾಕ್ಟರು ಸುಮ್ಮನೆ ತಲೆದೂಗುವರು. ಡಾಕ್ಟರು ಮಾತಾಡಿದರೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಅದು ನಿಮ್ಮ ಕ್ಷೇತ್ರ ಡಾಕ್ಟ್ರೇ, ನೀವು ಹೇಳಿದ್ಮೇಲೆ ಮುಗೀತು" ಅನ್ನುವರು. ತಿಳಿದವರು ಸೇರಿದ ಕಡೆಯಲ್ಲೆಲ್ಲ ಈ ರೋಗ ಇದ್ದದ್ದೇ. ಜಗಳ ಆಡುವಷ್ಟು ಸಲಿಗೆಯೇ ಅಲ್ಲಿ ಇರುವುದಿಲ್ಲ. ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಸಭೆ ಮುಗಿಸಿ ಏಳುತ್ತಿದ್ದರು.

ಆ ಮೇಜಿನಿಂದ ಹುಟ್ಟಿದ್ದು ಉಸಿರಿನ ಪೆಟ್ಟಿಗೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಕೆಲವು ಸಲ ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಯಾರಾದರೂ ನೋಡಿ ಅಂಗಾಲಿಗೆ ಒಂದು ತಟ್ಟಿದರೆ ಮತ್ತೆ ಶುರುಮಾಡುತ್ತವೆ. ಯಾರೂ ನೋಡದಿದ್ದರೆ ಅಷ್ಟೇ. ಅದಕ್ಕಾಗಿ ಕೂಸಿನ ಹಾಸಿಗೆಯ ಕೆಳಗೆ ಒಂದು ತೆಳ್ಳನೆಯ ಹಲಗೆ, ಹಲಗೆಯಿಂದ ಒಂದು ವೈರು, ವೈರಿನ ತುದಿಗೆ ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಉಸಿರಾಟಕ್ಕೆ ಹಾಸಿಗೆ ಅಲುಗುವುದನ್ನು ಹಲಗೆ ಹಿಡಿದರೆ ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತದೆ. ಅಲುಗಾಟ ಇಪ್ಪತ್ತು ಸೆಕೆಂಡು ನಿಂತರೆ ದೀಪ ಕೆಂಪಾಗಿ ಪೆಟ್ಟಿಗೆ ಕಿರುಚಿಕೊಳ್ಳುತ್ತದೆ. ನರ್ಸಿಂಗ್ ಹೋಮಿನ ಕಬ್ಬಿಣದ ಮಂಚಗಳ ಮೇಲೆ ಅದನ್ನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ್ದರು. ಒಂದು ಸಲವೂ ತಪ್ಪಿರಲಿಲ್ಲ.

ಆ ಧೈರ್ಯದ ಮೇಲೆಯೇ ಡಾಕ್ಟರು ದೀಪ್ತಿ ಅನ್ನುವ ಬಾಣಂತಿಯ ಕೂಸನ್ನು ಮನೆಗೆ ಕಳಿಸಿದ್ದು. ಮಲ್ಲೇಶ್ವರದ ತವರುಮನೆಗೆ ಬಾಣಂತನಕ್ಕೆ ಹೋಗಬೇಕಿದ್ದ ದೀಪ್ತಿ, ಏಳನೇ ತಿಂಗಳಲ್ಲೇ ಹೆತ್ತು, ನರ್ಸಿಂಗ್ ಹೋಮಿನ ಗಾಜಿನಾಚೆ ನಿಂತು ಮಗನನ್ನು ನೋಡುತ್ತಲೇ ಕಾಲ ಕಳೆದಿದ್ದಳು. ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿತ್ತು. ಮೊದಲಾಗಿದ್ದರೆ ಡಾಕ್ಟರು ಇನ್ನೂ ಎರಡು ವಾರ ಇಟ್ಟುಕೊಳ್ಳುತ್ತಿದ್ದರು. ಈಗ ಪೆಟ್ಟಿಗೆ ಇತ್ತು. ಮನೆಗೆ ಹೋದ ಮೊದಲ ಪೆಟ್ಟಿಗೆ ಅದು.

"ಇನ್ಮೇಲೆ ಇದು ಕಣ್ಣು ಮುಚ್ಚಲ್ಲಮ್ಮ, ನೀನು ಕಣ್ಣು ಮುಚ್ಚು" ಅಂದಿದ್ದರು ಡಾಕ್ಟರು.

ಅದೇ ವಾರ ಸಂಕರ್ಷಣನ ಮಗಳ ನಾಮಕರಣ. ಎನ್.ಆರ್. ಕಾಲೋನಿಯಲ್ಲಿದ್ದ ಅವನ ಮಾವನ ಮನೆಯಲ್ಲಿ. ಸಲಹೆಗಾರರಿಬ್ಬರಿಗೂ ಮುಂದಿನ ಸಾಲಿನ ಕುರ್ಚಿ. ನಡುಮನೆಯ ತೊಲೆಗೆ ಮರದ ತೊಟ್ಟಿಲು ಕಟ್ಟಿ ಮಲ್ಲಿಗೆ ಹೂ ಸುತ್ತಿದ್ದರು. ಸಂಕರ್ಷಣನ ಕೂಸು ದುಂಡಗೆ, ಆರೋಗ್ಯವಾಗಿ ಇತ್ತು. ಅದಕ್ಕೆ ಪೆಟ್ಟಿಗೆಯ ಅಗತ್ಯವೇ ಇರಲಿಲ್ಲ. ಆದರೂ ಬಂದವರೆಲ್ಲ ನೋಡಲಿ ಅಂತ ಹಾಸಿಗೆಯ ಕೆಳಗೆ ಹಲಗೆ ಇಟ್ಟು, ತೊಟ್ಟಿಲ ಸರಪಳಿಗೆ ಇನ್ನೊಂದು ಪೆಟ್ಟಿಗೆ ನೇತುಹಾಕಿದ್ದ. ಅಪ್ಪನಾದವನಿಗೆ ಅಷ್ಟೂ ಜಂಬ ಬೇಡವೇ.

ಕೂಸನ್ನು ಮಲಗಿಸುವ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ಪದ್ಧತಿ. ರುಬ್ಬುವ ಗುಂಡನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಕೂಸಿನ ಹಾಗೆ ಮಲಗಿಸಿ ತೂಗುತ್ತಾರೆ. ಕೂಸೂ ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಮುತ್ತೈದೆಯರು ಕಲ್ಲನ್ನು ಮಲಗಿಸಿದರು. ಜೋಗುಳ ಹೇಳುತ್ತಾ ತೂಗಿದರು.

ಪೆಟ್ಟಿಗೆಯ ಹಸಿರು ದೀಪ ಮಿನುಗತೊಡಗಿತು.

"ಸಂಕರ್ಷಣ, ನಿಮ್ಮ ಗುಂಡಪ್ಪ ಉಸಿರಾಡ್ತಿದಾನೆ ನೋಡೋ" ಅಂದಳು ಅವನ ಸೋದರತ್ತೆ. ಮನೆಯೆಲ್ಲ ಗೊಳ್ಳನೆ ನಕ್ಕಿತು. ಸಂಕರ್ಷಣನೂ ನಕ್ಕ. ಮೇಷ್ಟ್ರೂ ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. ತ್ರಿಪುರಸುಂದರಿ ದೀಪವನ್ನೇ ನೋಡುತ್ತಿದ್ದರು. ತೊಟ್ಟಿಲು ಈ ಕಡೆ ಬಂದರೆ ಒಂದು ಮಿನುಗು, ಆ ಕಡೆ ಹೋದರೆ ಇನ್ನೊಂದು. ತಣ್ಣನೆಯ ಕಲ್ಲು ಎಳೆಗೂಸಿನ ಹಾಗೆ ಹಿತವಾಗಿ ಉಸಿರಾಡುತ್ತಿತ್ತು.

ಅವರ ಕೈಯಲ್ಲಿದ್ದ ಕೋಸಂಬರಿಯ ದೊನ್ನೆ ಜಾರಿ ಸೀರೆಯ ಮೇಲೆ ಬಿತ್ತು.

ದೀಪ್ತಿಯ ಮನೆಯಲ್ಲೂ ತೊಟ್ಟಿಲೇ ಇರುತ್ತದೆ. ಇನ್ನೇನು ಇರುತ್ತದೆ? ಕಬ್ಬಿಣದ ಮಂಚದಲ್ಲಿ ಯಾವ ಅಜ್ಜಿ ಮೊಮ್ಮಗನನ್ನು ಮಲಗಿಸುತ್ತಾಳೆ? ತೊಟ್ಟಿಲು ತೂಗುತ್ತಿರುವಷ್ಟು ಹೊತ್ತು ಒಳಗೆ ಕೂಸಿದ್ದರೂ ಒಂದೇ, ಕಲ್ಲಿದ್ದರೂ ಒಂದೇ. ಪೆಟ್ಟಿಗೆಗೆ ಎರಡೂ ಹಸಿರೇ.

ಡಾಕ್ಟರು ಸಂಕರ್ಷಣನ ಮಾವನ ಮನೆಯ ಫೋನಿನಿಂದ ದೀಪ್ತಿಯ ಮನೆಗೆ ಮಾಡಿದರು. ಎಂಗೇಜ್. ಮತ್ತೆ ಮಾಡಿದರು, ಮತ್ತೆ ಎಂಗೇಜ್. ಬಾಣಂತಿ ಮನೆಯಲ್ಲಿ ಕೂಸು ಮಲಗಿದಾಗ ಬೆಲ್ ಹೊಡೆಯಬಾರದು ಅಂತ ರಿಸೀವರ್ ತೆಗೆದಿಡುವುದು ಅವರಿಗೆ ಗೊತ್ತಿತ್ತು. ಅಂದರೆ ಕೂಸು ಈಗ ಮಲಗಿದೆ. ತೊಟ್ಟಿಲು ತೂಗುತ್ತಿದೆ.

"ನನ್ನ ಕಾರಿದೆ, ಬನ್ನಿ" ಅಂದರು ಮೇಷ್ಟ್ರು.

ಬುಲ್ ಟೆಂಪಲ್ ರಸ್ತೆ ದಾಟಿದರು. ಚಾಮರಾಜಪೇಟೆಯಲ್ಲಿ ಸಿಗ್ನಲ್ ಬಿತ್ತು. ಮೇಷ್ಟ್ರು ಡಾಕ್ಟರ ಕಡೆ ತಿರುಗಿದರು.

"ನೀವು ಒಂದು ಮಾತು ಹೇಳ್ಬಹುದಿತ್ತಲ್ಲ ಡಾಕ್ಟ್ರೇ. ಮನೇಲಿ ತೊಟ್ಟಿಲಲ್ಲಿ ಮಲಗಿಸ್ತಾರೆ ಅಂತ."

"ನೀವು ಕೇಳ್ಬಹುದಿತ್ತಲ್ಲ ಮೇಷ್ಟ್ರೇ. ನಿಮ್ಮ ಮಕ್ಕಳು ಎಲ್ಲಿ ಮಲಗಿ ಬೆಳೆದ್ರು?"

"ಅದು ನಿಮ್ಮ ವಿಷಯ ಅಂದ್ಕೊಂಡೆ."

"ತೂಗೋದಕ್ಕೂ ಉಸಿರಿಗೂ ಇರೋ ವ್ಯತ್ಯಾಸ ನಿಮ್ಮ ಹಲಗೆಗೆ ಗೊತ್ತಾಗುತ್ತೆ ಅಂತ ನಾನು ಅಂದ್ಕೊಂಡೆ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಸಭೆಯಲ್ಲಿ ಆಡಬೇಕಿದ್ದ ಜಗಳ ಇದು. ಮೆಜೆಸ್ಟಿಕ್ಕಿನ ಬಸ್ಸುಗಳ ಮಧ್ಯೆ ಸಿಕ್ಕಿಕೊಂಡು, ಒಂದು ಕೂಸಿನ ಜೀವ ಯಾವ ಕಡೆ ಇದೆಯೋ ತಿಳಿಯದೆ ಈಗ ಆಡುತ್ತಿದ್ದರು. ಮುಂದೆ ಒಂದು ಬಸ್ಸು ಅಡ್ಡ ನಿಂತಿತ್ತು. ಮೇಷ್ಟ್ರು ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ತ್ರಿಪುರಸುಂದರಿಗೆ ಇಳಿದು ಓಡಿಬಿಡೋಣ ಅನ್ನಿಸಿತು. ಎಷ್ಟೋ ಕೂಸುಗಳನ್ನು ಸಾವಿನ ಬಾಯಿಂದ ಎಳೆದು ತಂದ ಹೆಂಗಸು. ಎಳೆಯುವಾಗ ಎಂದೂ ಹೆದರಿದವರಲ್ಲ. ಈ ಕೂಸನ್ನು ಮಾತ್ರ ಅಲ್ಲಿಗೆ ತಳ್ಳಿದ್ದು ತಮ್ಮದೇ ಮಾತು.

ಮಲ್ಲೇಶ್ವರದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಹಜಾರದಲ್ಲಿ ದೀಪ್ತಿಯ ತಾಯಿ ಶೈಲಜಮ್ಮ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ಒಂದು ಹಗ್ಗ. ಹಗ್ಗ ಹೊಸ್ತಿಲು ದಾಟಿ ಬಾಣಂತಿ ಕೋಣೆಯೊಳಗೆ ಹೋಗಿತ್ತು. ಕಾಲು ಅಲುಗಿದಾಗೆಲ್ಲ ಒಳಗೆ ಸರಪಳಿ ಕಿರುಗುಟ್ಟುತ್ತಿತ್ತು.

"ಬನ್ನಿ ಡಾಕ್ಟ್ರೇ" ಅಂತ ಅವರು ಪಿಸುಗುಟ್ಟಿದರು. "ಸ್ವಲ್ಪ ಮೆಲ್ಲಗೆ. ಇವತ್ತು ಎಷ್ಟು ಚೆನ್ನಾಗಿ ಮಲಗಿದಾನೆ ಗೊತ್ತಾ, ಒಂದು ಸಲಾನೂ ಮಿಸುಕಿಲ್ಲ."

ಆ ಮಾತು ಕೇಳಿ ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ತ್ರಿಪುರಸುಂದರಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದರು.

ಕಿಟಕಿ ಮುಚ್ಚಿದ ಕೋಣೆ. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿಯ ವಾಸನೆ. ಮಂಚದ ಮೇಲೆ ದೀಪ್ತಿ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಕತ್ತಲಲ್ಲಿ ಹಸಿರು ದೀಪ ಮಿನುಗುತ್ತಿತ್ತು. ತೊಟ್ಟಿಲು ಈ ಕಡೆ ಬಂದರೆ ಒಂದು, ಆ ಕಡೆ ಹೋದರೆ ಒಂದು.

ಡಾಕ್ಟರು ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಒಂದು ಗಳಿಗೆ ಒಳಗೆ ನೋಡಲು ಧೈರ್ಯವೇ ಬರಲಿಲ್ಲ. ಆಮೇಲೆ ಬಗ್ಗಿದರು. ಹುಬ್ಬಿನವರೆಗೆ ಕುಲಾವಿ, ಗದ್ದದವರೆಗೆ ಹಳೇ ಸೀರೆಯ ತುಂಡು. ನಡುವೆ ಕಂಡಷ್ಟು ಮುಖ ಬೂದಿಯ ಬಣ್ಣ. ತುಟಿ ನೀಲಿ. ಮೂಗಿನ ಹತ್ತಿರ ಬೆರಳು ಹಿಡಿದರೆ ಏನೂ ಇಲ್ಲ.

ಸುತ್ತಿದ್ದ ಬಟ್ಟೆ ಕಿತ್ತರು. ಕೂಸನ್ನು ಎತ್ತಿಕೊಂಡು ಅಂಗಾಲಿಗೆ ತಟ್ಟಿದರು. ಕೂಸು ಕೈಯಲ್ಲಿ ಜೋತುಬಿದ್ದಿತ್ತು. ಮತ್ತೆ ತಟ್ಟಿದರು, ಬೆನ್ನು ಉಜ್ಜಿದರು. "ಬಾರಪ್ಪ, ಬಾರೋ, ಬಾರೋ ನನ್ನಪ್ಪ" ಅನ್ನುತ್ತಿದ್ದದ್ದು ತಮ್ಮದೇ ದನಿ ಅಂತ ಅವರಿಗೆ ತಿಳಿಯಲಿಲ್ಲ. ತಟ್ಟುವುದು ಬಿಟ್ಟು ಕೂಸಿನ ಬಾಯಿ ಮೂಗಿಗೆ ತಮ್ಮ ಬಾಯಿಟ್ಟು ಮೆಲ್ಲಗೆ ಊದಿದರು. ಪುಟ್ಟ ಎದೆ ಉಬ್ಬಿತು, ಇಳಿಯಿತು. ಇನ್ನೊಮ್ಮೆ ಊದಿದರು.

ಕೂಸು ಬಿಕ್ಕಿತು. ಮುಖ ಕಿವುಚಿ, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು.

ಅದೇ ಹೊತ್ತಿಗೆ ಖಾಲಿ ತೊಟ್ಟಿಲ ಪೆಟ್ಟಿಗೆ ಕೆಂಪಾಗಿ ಕಿರುಚಲು ಶುರುಮಾಡಿತು. ದೀಪ್ತಿ ಬೆಚ್ಚಿಬಿದ್ದು ಎದ್ದಳು. ಅವಳು ಕಂಡದ್ದು ಇಷ್ಟು: ಕಿರುಚುತ್ತಿರುವ ಪೆಟ್ಟಿಗೆ, ಅಳುತ್ತಿರುವ ಮಗ, ಅವನನ್ನು ಎದೆಗೊತ್ತಿಕೊಂಡು ನಿಂತ ಡಾಕ್ಟರು.

"ಏನಾಯ್ತು ಡಾಕ್ಟ್ರೇ? ಉಸಿರು ನಿಂತಿತ್ತಾ?" ಅವಳು ತೊಡರಿಕೊಂಡು ಬಂದು ಮಗನ ಕಾಲು ಹಿಡಿದಳು. "ಮೆಷಿನ್ ಕೂಗ್ತು ಅಲ್ವಾ? ಸರಿಯಾದ ಹೊತ್ತಿಗೆ ಕೂಗ್ತು. ದೇವರ ಹಾಗೆ ಕಾಪಾಡ್ತು."

ಬಾಗಿಲಲ್ಲಿದ್ದ ಮೇಷ್ಟ್ರು ಡಾಕ್ಟರ ಮುಖ ನೋಡಿದರು. ಒಂದು ಸಲ ಹೂಂ ಅಂದಿದ್ದರೆ ಸಾಕಿತ್ತು. ಸಂಕರ್ಷಣನ ಕಂಪನಿಯೂ ಉಳಿಯುತ್ತಿತ್ತು, ಇವರಿಬ್ಬರ ಹೆಸರೂ ಉಳಿಯುತ್ತಿತ್ತು. ಕೂಸು ಹೇಗೂ ಉಳಿದಿತ್ತು. ತ್ರಿಪುರಸುಂದರಿಗೆ ಆ ಹೂಂ ನಾಲಿಗೆಯ ತುದಿಗೇ ಬಂದಿತ್ತು. ಅದು ಬಂದದ್ದಕ್ಕೇ ಅವರಿಗೆ ಮತ್ತಷ್ಟು ಹೆದರಿಕೆಯಾಯಿತು.

"ಇಲ್ಲ ದೀಪ್ತಿ. ಅದು ಕೂಗಲಿಲ್ಲ. ನಾನು ಮಗೂನ ಎತ್ತಿಕೊಂಡ ಮೇಲೆ ಕೂಗ್ತು. ತೊಟ್ಟಿಲು ತೂಗಿದ್ರೆ ಅದಕ್ಕೆ ಏನೂ ಗೊತ್ತಾಗಲ್ಲ. ನಮಗೆ ಇವತ್ತು ತಿಳೀತು. ಈಗ್ಲೇ ನರ್ಸಿಂಗ್ ಹೋಮಿಗೆ ಹೋಗೋಣ, ಕಾರಿದೆ."

ಶೈಲಜಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಹಗ್ಗ ಇನ್ನೂ ಹೆಬ್ಬೆರಳಿಗೇ ಇತ್ತು. ಅದನ್ನು ಬಿಚ್ಚಲು ಬಗ್ಗಿದವರು ಬಿಚ್ಚಲಾಗದೆ ಅಲ್ಲೇ ಕುಸಿದು ಕೂತರು.

ದೀಪ್ತಿ ಅಳಲಿಲ್ಲ. ಮಗನನ್ನು ಡಾಕ್ಟರ ಕೈಯಿಂದ ತೆಗೆದುಕೊಂಡಳು. ಕಿರುಚುತ್ತಲೇ ಇದ್ದ ಪೆಟ್ಟಿಗೆಯ ಸ್ವಿಚ್ಚನ್ನು ಮೇಷ್ಟ್ರು ಬಂದು ಆರಿಸಿದರು.

"ನೀವು ಅದು ನೋಡ್ಕೊಳ್ಳುತ್ತೆ ಅಂದ್ರಿ ಅಂತ ನಾನು ಮಲಗ್ತಿದ್ದೆ" ಅಂದಳು. "ಅಮ್ಮಾನೂ ಹಸಿರು ದೀಪ ನಂಬಿ ಹೊರಗೆ ಕೂತು ತೂಗೋರು. ಹಾಗಾದ್ರೆ ಇಷ್ಟು ದಿನ ಇವನನ್ನ ಯಾರು ನೋಡ್ಕೊಳ್ತಿದ್ರು ಡಾಕ್ಟ್ರೇ?"

ತ್ರಿಪುರಸುಂದರಿ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಅವರ ಕಡೆ ನೋಡಿದರು.

"ಯಾರೂ ಇಲ್ಲಮ್ಮ" ಅಂದರು ಡಾಕ್ಟರು.