ಸೂಲಗಿತ್ತಿಯ ಗಂಟು

ಚಟ್ಟ ಹೊತ್ತವರು ಸವಣೂರು ಸಂಸ್ಥಾನದ ಗಡಿನಾಕೆಯ ಎದುರು ಹೆಜ್ಜೆ ತಡೆದರು. ಹಲಗಿಯ ಬಡಿತ ನಿಂತಿತು. ಅಡ್ಡಮರದಾಚೆ ಶಿಗ್ಗಾಂವಿ ಸೀಮೆ. ಅಲ್ಲಿ, ಗಂಡನನ್ನು ಹೂಳಿದ ಹೊಲದಲ್ಲಿಯೇ, ಸೂಲಗಿತ್ತಿ ಉಡಚವ್ವನಿಗೆ ಕುಣಿ ತೋಡಿಯಾಗಿತ್ತು. ಸಂಸ್ಥಾನ ಹಿಂದುಸ್ತಾನಕ್ಕೆ ಸೇರಿದ ಸುದ್ದಿ ಬಂದು ವಾರವಾಗಿತ್ತು. ಅಡ್ಡಮರ ತೆಗೆಯುವ ಹುಕುಂ ಮಾತ್ರ ಬಂದಿರಲಿಲ್ಲ.

ಶವದ ಎದೆಯ ಮೇಲೆ ಅವಳ ಹೆರಿಗೆಯ ಗಂಟು. ಮಗ ಹೂವಪ್ಪ ಅದರ ಮೇಲೆ ಕೈಯಿಟ್ಟ.

"ಜೀವ ಇರೋತನಕ ಬಿಚ್ಚಿಸಿದ್ರಿ, ಜಮಾದಾರ್ರ. ಇವತ್ತ ಬಿಚ್ಚಂಗಿಲ್ಲ."

"ಲಗೂ ಮುಗಸ್ರಿ," ಎಂದ ಹೆಗಲು ಕೊಟ್ಟಿದ್ದ ಗುಡ್ಡಪ್ಪ. "ಮುದುಕಿ ರೊಟ್ಟಿ ತಿಂದ ಮೈ. ನನ್ನ ಹೆಗಲು ಹುಕುಂ ಕಾಯಂಗಿಲ್ಲ."

ನಾಕೆಯ ಜಮಾದಾರ ಶಹಾಬುದ್ದೀನ ನಗಲಿಲ್ಲ. "ಬಿಚ್ಚು ಅಂತ ನಾ ಎಲ್ಲೆ ಅಂದೆ, ಹೂವಪ್ಪ?"

"ಇಪ್ಪತ್ತು ವರ್ಷ ಮತ್ತೇನ್ ಮಾಡಿದ್ರಿ? ಅಫೀಮಿನ ಕಳ್ಳಿ ಅಂತ ಮಂದಿ ನಕ್ಕರು."

"ಮೊದಲಿನ ಎಂಟು ವರ್ಷ ನನ್ನ ಜುಲುಮಿ. ಆಮ್ಯಾಲಿನ ಹನ್ನೆರಡು ಆಕಿ ಹಟ. ನಿನಗ ಹೇಳಿಲ್ಲೇನು?"

"ಇಲ್ಲ. ಮಂದಿ ಕೂಸು-ಬಾಣಂತಿ ಮಾತು ಆಕಿ ಮನ್ಯಾಗ ಎಂದೂ ಆಡಲಿಲ್ಲ."

ಶಹಾಬುದ್ದೀನ ಪಕ್ಕದಲ್ಲಿದ್ದ ಮಗಳು ಗೌಹರಳ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳತೊಡಗಿದ.

*

ಹನ್ನೆರಡು ವರ್ಷಗಳ ಹಿಂದಿನ ಮಧ್ಯಾಹ್ನ. ಉಡಚವ್ವ ನಾಕೆಯಲ್ಲಿ ಗಂಟು ಬಿಚ್ಚಿ ಕುಳಿತಿದ್ದಳು. ಪರದೆ ಕಟ್ಟಿದ ಗಾಡಿಯೊಂದು ಬಂದಿತು. ಒಳಗೆ ಬಾಣಂತಿ, ಮಡಿಲಲ್ಲಿ ಕೂಸು. ಬಾಣಂತಿಯ ಪರದೆ ಸರಿಸುವುದು ಗಂಡಸರಿಗೆ ಸಲ್ಲದು. ಶಹಾಬುದ್ದೀನ ಅಡ್ಡಮರ ಎತ್ತಿದ.

"ತಡೀರಿ," ಎಂದಳು ಉಡಚವ್ವ. "ಗಾಲಿ ಕಲ್ಲಿಗೆ ಬಡದು ಗಾಡಿ ಜಿಗೀತು. ಕೂಸು ಯಾಕ ಅಳಲಿಲ್ಲ?"

ಒಳಗೆ ಹತ್ತಿ ಕೂಸಿನ ಅಂಗಾಲು ಚಿವುಟಿದಳು. ಮಿಸುಕಲಿಲ್ಲ. ಅದರ ಹಾಸಿನ ಕೆಳಗೆ ಅಫೀಮಿನ ಉಂಡೆಗಳು. ಕೂಸು ಅಳದಿರಲೆಂದು ಒಂದು ಕಾಳಿನಷ್ಟನ್ನು ಅದರ ಬಾಯಿಗೂ ಹಾಕಿದ್ದರು.

ಸಂಜೆಯವರೆಗೆ ಉಡಚವ್ವ ಕೂಸನ್ನು ಎಚ್ಚರಿಸಲು ಹೆಣಗಿದಳು. ಅಂಗಾಲು ತಟ್ಟಿದಳು, ನೀರು ಚಿಮುಕಿಸಿದಳು, ಬೈದಳು. ಹೊತ್ತು ಮುಳುಗುವಾಗ ಕೂಸು ನಾಕೆ ನಡುಗುವಂತೆ ಅತ್ತಿತು. ಬಾಡಿಗೆಯ ಬಾಣಂತಿಗೆ ಅದರ ತಾಯಿ ಯಾರೆಂಬುದೇ ತಿಳಿದಿರಲಿಲ್ಲ. ಶಹಾಬುದ್ದೀನ ಗೌಹರ ಎಂದು ಹೆಸರಿಟ್ಟು ಸಾಕಿದ.

"ಇನ್ನ ಮ್ಯಾಲೆ ನಿನ್ನ ಗಂಟು ಬಿಚ್ಚಬ್ಯಾಡ, ಅವ್ವಾ," ಎಂದಿದ್ದ.

"ಬಾಣಂತಿ ಅಂತ ಬಿಟ್ಟಿ, ಹಿಂಗಾತು. ಸೂಲಗಿತ್ತಿ ಅಂತ ಬಿಟ್ಟರ, ನಾಳೆ ಕಳ್ಳಿ ನನ್ನಂಗ ಗಂಟು ಹೊತ್ತು ಬರ್ತಾಳ. ನಾ ಬಿಚ್ಚತೇನಿ. ನೀ ಕಣ್ಣ ತುಂಬ ನೋಡು."

*

ಹೂವಪ್ಪ ಗಂಟಿನ ಮೇಲಿನ ಕೈ ತೆಗೆದ. ಆಮೇಲೆ ತಾನೇ ಗಂಟು ಬಿಚ್ಚಿದ: ಹೊಕ್ಕುಳಬಳ್ಳಿ ಕೊಯ್ಯುವ ಚೂರಿ, ನೂಲಿನ ಉಂಡೆ, ಔಡಲೆಣ್ಣೆಯ ಕುಡಿಕೆ.

"ನೋಡ್ರಿ, ಕಾಕಾ," ಎಂದ. ಧ್ವನಿ ಏರಿತು. "ಎಲ್ಲಾರೂ ನೋಡ್ರಿ! ನಮ್ಮವ್ವನ ಗಂಟು."

ಶಹಾಬುದ್ದೀನ ಎಂದಿನಂತೆ ಒಂದೊಂದನ್ನೂ ನೋಡಿದ. "ಹೋಗಿ ಬಾ, ಅವ್ವಾ," ಎಂದು ಅಡ್ಡಮರ ಎತ್ತಿ ಕಟ್ಟಿ, ಗುಡ್ಡಪ್ಪನನ್ನು ಸರಿಸಿ ಚಟ್ಟಕ್ಕೆ ಹೆಗಲು ಕೊಟ್ಟ.

ಹಲಗಿ ಮೊಳಗಿತು. ಬಿಚ್ಚಿದ ಗಂಟನ್ನು ಎರಡೂ ಅಂಗೈಗಳ ಮೇಲೆ ಹರಡಿಕೊಂಡು, ದೊಡ್ಡ ಧ್ವನಿಯಲ್ಲಿ ಅಳುತ್ತ, ಗೌಹರ ಎಲ್ಲರಿಗಿಂತ ಮುಂದೆ ಗಡಿ ದಾಟಿದಳು. ಚೂರಿಯ ಅಲಗಿನಲ್ಲಿ ಬಿಸಿಲು ಕುಣಿಯುತ್ತಿತ್ತು.