ಹನ್ನೆರಡು ಗಿಡಗಳ ಕೋಣೆ

ವಿಯೆನೊ ರಾಂಟಾ ಶಾಲೆಯ ಬಸ್ಸು ಓಡಿಸಿಯೇ ತಲೆ ಹಣ್ಣು ಮಾಡಿಕೊಂಡವಳು. ಊರಿನ ಗಣಿ ಮುಚ್ಚಿ, ರೈಲು ನಿಂತು, ಕೊನೆಗೆ ಹಳಿಗಳನ್ನೂ ಕಿತ್ತುಕೊಂಡು ಹೋದ ಮೇಲೂ ಹಳಿ ದಾಟುವ ಮುನ್ನ ಬಸ್ಸು ನಿಲ್ಲಬೇಕೆನ್ನುವ ಫಲಕವೊಂದು ಆ ಜಾಗದಲ್ಲಿ ಹಾಗೇ ಉಳಿದಿತ್ತು. ಫಲಕ ಇದೆಯಲ್ಲ, ಸಾಕು. ವಿಯೆನೊ ದಿನಾ ಅಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಬಾರದ ರೈಲಿಗೆ ಕಿವಿಗೊಟ್ಟು ಕೇಳಿ, ಆಮೇಲೆ ಮುಂದೆ ಹೋಗುತ್ತಿದ್ದಳು. ಹಿಂದೆ ಕೂತ ಮಕ್ಕಳು ಮುಸಿಮುಸಿ ನಗುತ್ತಿದ್ದರು. ನಗಲಿ. ನಿಯಮ ಅಂದರೆ ನಿಯಮ. ಇಂಥ ಹೆಂಗಸಿನ ಮನೆಯ ಹಿತ್ತಲಿಗೇ ಗಾಂಜಾ ಬಂತು ನೋಡಿ.

ಬಂದದ್ದು ಗಂಡ ಒನ್ನಿಗೋಸ್ಕರ. ಅವನ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ನೋವಿನ ಮಾತ್ರೆ ತಿಂದರೆ ಅನ್ನಾಹಾರ ಸೇರುತ್ತಿರಲಿಲ್ಲ, ತಿನ್ನದಿದ್ದರೆ ರಾತ್ರಿಯೆಲ್ಲ ಹಾಸಿಗೆಯ ಚೌಕಟ್ಟು ಹಿಡಿದು ಕೂರುತ್ತಿದ್ದ. ಡಾಕ್ಟರು ಗಾಂಜಾಕ್ಕೆ ಸಹಿ ಹಾಕಿಕೊಟ್ಟರು. ನಮ್ಮ ರಾಜ್ಯದಲ್ಲಿ ರೋಗಿ ತಾನೇ ಹನ್ನೆರಡು ಗಿಡ ಬೆಳೆದುಕೊಳ್ಳಬಹುದು, ಇಲ್ಲವೇ ಆರೈಕೆದಾರ ಎಂದು ಒಬ್ಬರ ಹೆಸರು ಬರೆಸಿ ಅವರಿಂದ ಬೆಳೆಸಬಹುದು. ಅರ್ಜಿ ತುಂಬುವ ದಿನ ಒನ್ನಿ ಆಸ್ಪತ್ರೆಯಲ್ಲಿ ಜ್ಞಾನವಿಲ್ಲದೆ ಮಲಗಿದ್ದ. ವಿಯೆನೊ ಆರೈಕೆದಾರಳೆಂದು ತನ್ನ ಹೆಸರು ಬರೆದಳು. ಬರೆದ ಆ ಗಳಿಗೆಯಿಂದ ಗಿಡ ಇರುವ ಕೋಣೆಗೆ ಬೀಗ, ಬೀಗದ ಕೈ ಅವಳೊಬ್ಬಳದೇ, ಬೇರೆ ಯಾರೂ ಒಳಗೆ ಕಾಲಿಡುವಂತಿಲ್ಲ. ಯಾರ ಹೊಟ್ಟೆಗೆ ಆ ಔಷಧ ಹೋಗಬೇಕೋ ಅವನಂತೂ ಸುತರಾಂ ಇಡುವಂತಿಲ್ಲ.

ಇದರಲ್ಲಿ ತಮಾಷೆ ಏನೆಂದರೆ, ಒನ್ನಿಯಂಥ ತೋಟಗಾರ ಸುಪೀರಿಯರ್ ಸರೋವರದ ಈ ದಂಡೆಯಲ್ಲೇ ಇನ್ನೊಬ್ಬನಿರಲಿಲ್ಲ. ಮೇ ತಿಂಗಳಲ್ಲೂ ಹಿಮ ಬೀಳುವ ನೆಲದಲ್ಲಿ ಅವನು ಟೊಮೆಟೊ ಹಣ್ಣು ಮಾಡಿದವನು. ವಿಯೆನೊಳ ಕೈಯಲ್ಲೋ, ಕಿಟಕಿಯಲ್ಲಿಟ್ಟ ಈರುಳ್ಳಿ ಕೂಡ ಬದುಕಿದ್ದಿಲ್ಲ.

ಪಕ್ಕದ ಮನೆಯ ರೇನೊ ತುವೊಮೆಲನೂ ಆರೈಕೆದಾರನೇ. ಅವನ ತಂಗಿ ಸೈಮಾಗೆ ಕೈಕಾಲು ಸೆಟೆದುಕೊಳ್ಳುವ ಕಾಯಿಲೆ. ಎರಡು ಮನೆಗೆ ಎರಡು ಶೆಡ್ಡು, ಎರಡು ಹೀಟರ್ ಯಾಕೆ, ಒಂದೇ ಕಡೆ ಬೆಳೆದರಾಯಿತು ಎಂದು ಒನ್ನಿ ಹಾಸಿಗೆಯಲ್ಲೇ ಕೂತು ನಕ್ಷೆ ಬರೆದ. ನಮ್ಮ ಫಿನ್ನರ ಊರಿನಲ್ಲಿ ಅದು ಯಾರಿಗೂ ಹೊಸದಲ್ಲ. ಹಿಂದೆ ಅಂಗಡಿ, ಹಾಲಿನ ಡೈರಿ, ಸತ್ತವರನ್ನು ಸಾಗಿಸುವ ಗಾಡಿ ಎಲ್ಲವೂ ಊರಿಗೆಲ್ಲ ಸೇರಿ ಒಂದೊಂದೇ ಇದ್ದದ್ದು. ರಾಂಟಾ ಮನೆಯ ಸೌನಾದ, ಆ ಹಬೆಸ್ನಾನದ ಕೋಣೆಯ ಹಿಂದೆ ಹಲಗೆಯ ಶೆಡ್ಡು ಎದ್ದಿತು. ಗಿಡಗಳು ಬರುವುದೊಂದು ಬಾಕಿ.

ಆ ಶನಿವಾರ ಸೌನಾಕ್ಕೆ ಶೆರಿಫ್ ಕಚೇರಿಯ ಪೊಲೀಸು, ಡೆಪ್ಯುಟಿ ಡೇಲ್ ಬುಶಾರ್ ಬಂದ. ಶನಿವಾರ ರಾಂಟಾ ಮನೆಯ ಸೌನಾಕ್ಕೆ ಯಾರು ಬೇಕಾದರೂ ಬರಬಹುದು, ಟವೆಲ್ ತಂದರಾಯಿತು. ಬಿಸಿಕಲ್ಲಿನ ಹಬೆಯಲ್ಲಿ, ಮೈಮೇಲೆ ನೂಲೆಳೆಯೂ ಇಲ್ಲದೆ, ರೇನೊನ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ಅವನು ಕಾನೂನು ಹೇಳಿದ. ಇಬ್ಬರು ಆರೈಕೆದಾರರ ಗಿಡಗಳು ಒಂದೇ ಕೋಣೆಯಲ್ಲಿದ್ದರೆ, ಇಬ್ಬರಿಗೂ ಆ ಕೋಣೆಗೆ ದಾರಿಯಿದ್ದರೆ, ಇಪ್ಪತ್ತನಾಲ್ಕೂ ಇಬ್ಬರದ್ದೂ ಎಂದು ಲೆಕ್ಕ. ಆಗ ಇಬ್ಬರೂ ಮಿತಿ ಮೀರಿದಂತೆ. ಬೆಳೆಯಲು ಕೊಟ್ಟ ಪರವಾನಗಿ ಕಾರ್ಡು ಹೋಗುತ್ತದೆ, ಗಿಡ ಹೋಗುತ್ತದೆ, ಜೊತೆಗೆ ಮೊಕದ್ದಮೆ. ಪಾಪ, ಹೇಳುವಾಗ ಅವನಿಗೇ ಮುಜುಗರ. ಚಿಕ್ಕವನಿದ್ದಾಗ ಅವನೂ ವಿಯೆನೊಳ ಬಸ್ಸಿನಲ್ಲೇ ಶಾಲೆಗೆ ಹೋದವನು.

ಮುಂದಿನ ವಾರ ನೆರೆಹೊರೆಯವರೆಲ್ಲ ಸುತ್ತಿಗೆ ಹಿಡಿದು ಬಂದರು. ವಿಯೆನೊ ಕಾಫಿ ಕಾಯಿಸಿದಳು, ಏಲಕ್ಕಿ ಬನ್ನು ಸುಟ್ಟಳು. ಒನ್ನಿ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ಅಳತೆ ಕೂಗುತ್ತಿದ್ದ. ಸಂಜೆಯೊಳಗೆ ಶೆಡ್ಡಿನ ನಡುವೆ ಗಟ್ಟಿ ಗೋಡೆ, ಎರಡು ಬಾಗಿಲು, ಎರಡು ಬೀಗ. ಕೊನೆಯ ಮೊಳೆ ಹೊಡೆದ ಮೇಲೆ ಯಾರೋ ನೋಡಿದರು, ಹೀಟರ್ ರೇನೊನ ಕಡೆಗೇ ಉಳಿದುಬಿಟ್ಟಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೌನಾ ಕಟ್ಟುವವರು ಎಲ್ಲಿ ಗೋಡೆ ಎಬ್ಬಿಸಿದರೂ ಒಂದು ಜಾರುಹಲಗೆಯ ಗಾಳಿಕಿಂಡಿ ಇಟ್ಟೇ ಇಡುತ್ತಾರೆ, ಒನ್ನಿ ಇಲ್ಲೂ ಇಡಿಸಿದ್ದ. ಬಿಸಿ ಅದರ ಮೂಲಕ ಬರುತ್ತದೆ ಬಿಡಿ ಅಂದ. ಡೇಲ್ ಬಂದು ಕಿಂಡಿಯಲ್ಲಿ ಕೈ ತೂರಿಸಿ ನೋಡಿದ. ಬೆರಳು ಹೋಯಿತು, ಅಂಗೈ ಹೋಗಲಿಲ್ಲ. ಸರಿ ಎಂದು ಬನ್ನು ತಿಂದು ಹೋದ.

ಆಮೇಲಿನ ಎರಡು ಚಳಿಗಾಲ ವಿಯೆನೊ ಬೀಗದ ಕೈಯನ್ನು ಕೊರಳಿಗೇ ಹಾಕಿಕೊಂಡು ಬಾಳಿದಳು. ಬಾಗಿಲು ತೆಗೆಯುವಾಗ ಒನ್ನಿಗೆ ಅಡುಗೆಮನೆಯ ಕಿಟಕಿಯ ಹತ್ತಿರವೂ ನಿಲ್ಲಬೇಡ ಎನ್ನುತ್ತಿದ್ದಳು. ಒಮ್ಮೆ ನೋಡಿ ಬರುತ್ತೇನೆ, ಬಾಗಿಲ ಹೊರಗೆ ನಿಂತೇ ನೋಡುತ್ತೇನೆ ಎಂದು ಅವನು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ಕಾರ್ಡು ಹೋದರೆ ನಿನ್ನ ಗತಿ ಏನು ಅಂತ ಗೊತ್ತಾ ಎಂದು ಕೇಳುತ್ತಿದ್ದಳು. ಅವಳ ಭಯ ಸುಳ್ಳಲ್ಲ. ಬೆಣ್ಣೆಯಲ್ಲಿ ಕಾಯಿಸಿ ಅವಳು ಮಾಡಿಕೊಡುವ ಬಿಸ್ಕತ್ತು ತಿಂದರೆ ಮಾತ್ರ ಅವನು ಒಂದು ಬಟ್ಟಲು ಮೀನಿನ ಸಾರು ಕುಡಿಯುತ್ತಿದ್ದ, ಎರಡು ಗಂಟೆ ನಿದ್ದೆ ಮಾಡುತ್ತಿದ್ದ.

ಆದರೆ ಬೆಳೆ ಸಾಲುತ್ತಿರಲಿಲ್ಲ. ಒಂದಿದ್ದ ಬಿಸ್ಕತ್ತು ಅರ್ಧಕ್ಕೆ ಇಳಿಯಿತು. ಅರ್ಧ ಸಾಕೇ ಸಾಕು ಎಂದು ಒನ್ನಿ ಅವಳಿಗೇ ಸಮಾಧಾನ ಹೇಳುತ್ತಿದ್ದ, ಆಮೇಲೆ ಬೆಳತನಕ ಹಲ್ಲು ಕಚ್ಚುತ್ತಿದ್ದ. ಗಿಡ ಹೇಗಿವೆ ಎಂದು ಕೇಳಿದರೆ ಅವಳು ಚೆನ್ನಾಗಿವೆ ಎನ್ನುತ್ತಿದ್ದಳು. ಕಾಯಿಲೆಯವನ ತಲೆಗೆ ಇನ್ನೊಂದು ಹುಳ ಯಾಕೆ ಬಿಡಬೇಕು ಎಂಬುದು ಅವಳ ಲೆಕ್ಕ.

ಈ ಫೆಬ್ರವರಿಯಲ್ಲಿ ರೇನೊ ಚಾವಣಿಯ ಹಿಮ ಸರಿಸಲು ಹತ್ತಿ, ಹಿಮದ ಜೊತೆಗೇ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಂಬುಲೆನ್ಸಿಗೆ ಏರಿಸುವಾಗ ವಿಯೆನೊಳ ಕೈಗೆ ಬೀಗದ ಕೈ ತುರುಕಿ, ನೋಡಿಕೋ ಅಂದ. ಅವಳು ಆಗಲಿ ಅಂದಳು. ನಮ್ಮಲ್ಲಿ ನೆರೆಯವನು ಹಾಸಿಗೆ ಹಿಡಿದರೆ ಅವನ ಒಲೆ ಆರದಂತೆ ಪಕ್ಕದವರು ನೋಡಿಕೊಳ್ಳಬೇಕು. ಇದಕ್ಕೆ ಯೋಚನೆ ಮಾಡುವವರಿಲ್ಲ, ಕೈ ತಾನಾಗಿ ಮುಂದೆ ಹೋಗುತ್ತದೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಮುಷ್ಟಿ ಬಿಚ್ಚಿ ನೋಡಿದಳು. ಎರಡೂ ಬೀಗದ ಕೈ ಈಗ ತನ್ನ ಹತ್ತಿರ. ಅಂದರೆ ಇಪ್ಪತ್ತನಾಲ್ಕೂ ಗಿಡ ತನ್ನವು. ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ಅವಳು ಕಾನೂನಿನ ಆಚೆಗೆ ನಿಂತಿದ್ದಳು, ಅದೂ ಬರೀ ಒಳ್ಳೆಯ ನೆರೆಯವಳಾಗಿ.

ಮೂರನೆಯ ದಿನ ಶನಿವಾರ. ರೇನೊನ ಕಡೆಯ ಹೀಟರ್ ಆರಿತು. ಕಿಂಡಿಯಿಂದ ಬಿಸಿ ಬರುವುದು ನಿಂತು, ಮಧ್ಯಾಹ್ನದ ಹೊತ್ತಿಗೆ ಅವಳ ಕಡೆಯ ಗೋಡೆಯಲ್ಲಿ ಹಿಮ ಕಟ್ಟತೊಡಗಿತು. ಮನೆಯಿಂದ ಕರೆಂಟಿನ ಹೀಟರ್ ತಂದಿಟ್ಟರೆ ಫ್ಯೂಸ್ ಹಾರಿ ದೀಪಗಳೂ ಹೋದವು; ಫ್ಯೂಸ್ ಬದಲಿಸಿದ ಮೇಲೆ ದೀಪವೇನೋ ಬಂತು, ಬಿಸಿ ಬರಲಿಲ್ಲ. ರೇನೊನ ಬಾಗಿಲು ತೆಗೆದರೆ ಅಪರಾಧ, ತೆಗೆಯದಿದ್ದರೆ ಎರಡು ಮನೆಯ ಔಷಧವೂ ಸಂಜೆಯೊಳಗೆ ಸತ್ತುಹೋಗುತ್ತದೆ. ಅವಳು ಕೋಟು ಹಾಕಿ, ತೆಗೆದು, ಮತ್ತೆ ಹಾಕಿ ಅಡುಗೆಮನೆಯಲ್ಲೇ ಸುತ್ತಿದಳು.

ಒನ್ನಿ ಕೈ ನೀಡಿದ. "ಆ ಕೀ ಇಲ್ಲಿ ಕೊಡು."

"ಹುಚ್ಚಾ ನಿಂಗೆ? ನೀನು ರೋಗಿ. ನೀನು ಹೋಗೋ ಹಾಗೇ ಇಲ್ಲ."

"ನನ್ನ ಗಿಡದ ರೂಮಿಗೆ ಹೋಗೋ ಹಾಗಿಲ್ಲ. ಅದು ರೇನೊ ರೂಮು. ಕೊಡೇ, ನನ್ನನ್ನ ಹಿಡಿದು ಜೈಲಿಗೆ ಹಾಕಿದ್ರೂ ಎಷ್ಟು ದಿನ ಇಟ್ಕೋತಾರೆ?"

ಅವಳು ಕೋಟಿನ ಜೇಬಿನಿಂದ ರೇನೊನ ಬೀಗದ ಕೈ ತೆಗೆದಳು. ಕೊಟ್ಟಳು. ಅವನು ತಳ್ಳಿಕೊಂಡು ಹೋಗುವ ಹಿಮಗಾಡಿಯ ಹಿಡಿಕೆಗೆ ಮೈಭಾರ ಹಾಕಿ, ಹೆಜ್ಜೆಹೆಜ್ಜೆಗೂ ನಿಂತು, ಹಿಮದಲ್ಲಿ ಶೆಡ್ಡಿನವರೆಗೆ ಹೋದ. ಅವಳು ಜೊತೆಗೆ ಬಂದವಳು ಬಾಗಿಲ ಹತ್ತಿರ ಬೇರೆಯಾಗಿ, ತನ್ನ ಕಡೆಯ ಬೀಗ ತೆಗೆದು ಒಳಗೆ ಹೋಗಿ ಕಿಂಡಿಗೆ ಕಿವಿ ಕೊಟ್ಟು ನಿಂತಳು. ಕಡ್ಡಿ ಗೀರುವ ಸದ್ದು ನಾಲ್ಕೈದು ಸಲ ಕೇಳಿತು. ಆಮೇಲೆ ಗ್ಯಾಸು ಭುಗ್ಗೆಂದಿತು, ಕಿಂಡಿಯಿಂದ ಬಿಸಿ ಅವಳ ಕೆನ್ನೆಗೆ ತಾಗಿತು. ಅವಳಿಗೆ ಅಳು ಬಂದುಬಿಟ್ಟಿತು.

ಅವನು ಮಾತ್ರ ಹೊರಗೆ ಬರಲಿಲ್ಲ. ಬಕೆಟ್ಟು ಬೋರಲು ಹಾಕಿ ಕೂತಿದ್ದೇನೆ, ಸ್ವಲ್ಪ ನೋಡುತ್ತೇನೆ ಅಂದ. ರೇನೊ ನಾನು ಹೇಳಿದಂತೆಯೇ ಮಾಡಿದ್ದಾನೆ, ಮಣ್ಣಿಗೆ ಮರಳು ಬೆರೆಸು ಅಂದಿದ್ದೆ, ಬೆರೆಸಿದ್ದಾನೆ, ಎದೆಯೆತ್ತರ ಬಂದಿವೆ ಎಂದು ಗೋಡೆಯಾಚೆಯಿಂದ ಹೇಳುತ್ತಲೇ ಇದ್ದ. ಅಷ್ಟು ಮಾತು ಅವನ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ.

ಆಗಲೇ ಹೊರಗೆ ಬೂಟಿನ ಸದ್ದು. ವಿಯೆನೊ ಬಾಗಿಲಿಗೆ ಬಂದು ನೋಡಿದರೆ ಡೇಲ್, ಕಂಕುಳಲ್ಲಿ ಟವೆಲ್. ಸೌನಾಕ್ಕೆಂದೇ ಬಂದಿದ್ದವನು. ಅವನು ಶೆಡ್ಡಿನ ಇನ್ನೊಂದು ಬಾಗಿಲು ನೋಡಿದ, ತೆರೆದ ಬೀಗ ನೋಡಿದ, ಒಳಗಿನ ಕೆಮ್ಮು ಕೇಳಿದ.

"ರೇನೊಗೆ ಆಸ್ಪತ್ರೆಯಿಂದ ಬಿಟ್ರು ಅನ್ಸುತ್ತೆ ಅಲ್ವಾ, ಮಿಸೆಸ್ ರಾಂಟಾ?" ಅಂದ ಮೆಲ್ಲಗೆ.

"ಎಲ್ಲಿ ಬಿಟ್ರು? ಸೊಂಟಕ್ಕೆ ಮೊನ್ನೆ ತಾನೇ ಆಪರೇಷನ್ ಆಗಿದೆ."

ಡೇಲ್ ತೆರೆದ ಬೀಗದತ್ತ ಕೈ ತೋರಿಸಿದ. "ಅಂದ್ರೆ... ಬೀಗ ರೇನೊನೇ ತೆಗೆದಿಟ್ಟು ಹೋಗಿರ್ಬೇಕು. ಒಳಗೆ ರೇಡಿಯೊ ಏನಾದ್ರೂ ಇರ್ಬೇಕು."

"ರೇಡಿಯೊ ಅಲ್ಲ. ಒಳಗಿರೋದು ನನ್ನ ಗಂಡ. ಕೀ ನಾನೇ ಕೊಟ್ಟೆ. ರೇನೊ ನನಗೆ ಕೊಟ್ಟಿದ್ದ."

"ಅಯ್ಯೋ ಮಿಸೆಸ್ ರಾಂಟಾ, ಹೂಂ ಅಂದಿದ್ರೆ ನಾನು ಸುಮ್ನೆ ಸ್ನಾನಕ್ಕೆ ಹೋಗ್ತಿದ್ದೆ. ಎರಡು ಸಲ ಕೇಳಿದೆ. ಈಗ ಕೇಳಿಸ್ಕೊಂಡ ಮೇಲೆ ನಾನು ಬರೀಲೇಬೇಕಲ್ಲ."

ಬರಿ, ಬರೆಯಲೇಬೇಕು ಎಂದು ಅವಳೂ ಅಂದಳು. ಬರೆದರೆ ಕಾರ್ಡು ಹೋಗುತ್ತದೆ, ಆ ಅರ್ಧ ಬಿಸ್ಕತ್ತೂ ಹೋಗುತ್ತದೆ. ತಾನೊಂದು ಸುಳ್ಳು ಹೇಳಿದ್ದರೆ ಉಳಿಯುತ್ತಿತ್ತು ಎಂಬುದು ಅವಳಿಗೆ ಈಗ ಹೊಳೆಯಿತು, ಹೊಳೆದು ತನ್ನ ಮೇಲೆಯೇ ಸಿಟ್ಟು ಬಂತು.

ಒಳಗಿಂದ ಒನ್ನಿ ಕೂಗಿದ. "ಡೇಲ್, ಬರೆಯೋದಾದ್ರೆ ಸರಿಯಾಗಿ ಬರಿ. ನಾನು ನನ್ನ ಆರೈಕೆದಾರಳ ರೂಮಿಗೆ ಹೋಗಿಲ್ಲ. ಎರಡು ವರ್ಷದಿಂದ ಅವಳು ಒಂದು ಎಲೆ ಕೂಡ ನೋಡೋಕೆ ಬಿಟ್ಟಿಲ್ಲ. ಬೇಕಾದ್ರೆ ಅವಳನ್ನೇ ಕೇಳು, ಅವಳಿಗೆ ಸುಳ್ಳು ಬರಲ್ಲ."

ಡೇಲ್ ಬಹಳ ಹೊತ್ತು ಟವೆಲ್ ಮಡಚಿದ, ಬಿಚ್ಚಿದ. ಒಬ್ಬರ ರೋಗಿ ಇನ್ನೊಬ್ಬರ ಕೋಣೆಯಲ್ಲಿ ಹೀಟರ್ ಹಚ್ಚಿದರೆ ಅದು ಯಾವ ಕಲಮಿಗೆ ಬರುತ್ತದೋ ತನಗೆ ಗೊತ್ತಿಲ್ಲ, ಮೇಲಿನವರನ್ನು ಕೇಳಬೇಕು, ಅವರು ರಾಜಧಾನಿಗೆ ಬರೆದು ಕೇಳುತ್ತಾರೆ, ಅವರು ಯಾವುದಕ್ಕೂ ಬೇಗ ಉತ್ತರ ಕೊಡುವ ಪೈಕಿಯಲ್ಲ ಎಂದು ಗೊಣಗಿಕೊಂಡ. ರೇನೊನ ಬೀಗದ ಕೈ ತಾನು ಇಸಿದುಕೊಂಡು ನಾಳೆಯೇ ಆಸ್ಪತ್ರೆಗೆ ಮುಟ್ಟಿಸುತ್ತೇನೆ, ಈಗಂತೂ ಸ್ನಾನಕ್ಕೆ ಹೋಗುತ್ತೇನೆ ಎಂದು ತಲೆ ತಗ್ಗಿಸಿ ಸೌನಾದ ಕಡೆ ನಡೆದ.

ಒನ್ನಿ ಹೊರಗೆ ಬಂದು ಗೋಡೆಗೆ ಒರಗಿದ. ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ಕಳೆ ಇತ್ತು. ವಿಯೆನೊ ಅವನನ್ನೇ ನೋಡಿದಳು. ಬರೆಯುವುದು ಹೇಗೂ ಬರೆಯುತ್ತಾರೆ. ಇವನ ಒಂದೇ ಒಂದು ಆಸೆಯನ್ನು ಇಷ್ಟು ದಿನ ತುಳಿದದ್ದು ಯಾವ ಪುರುಷಾರ್ಥಕ್ಕೆ?

"ಬಾ," ಅಂದಳು. "ಒಳಗೆ ಬಾ."

ಅವನು ಅವಳ ಭುಜ ಹಿಡಿದು ಹೊಸ್ತಿಲು ದಾಟಿದ. ನೇರಳೆ ದೀಪದ ಕೆಳಗೆ ಹನ್ನೆರಡು ಗಿಡಗಳು ಸಾಲಾಗಿ ನಿಂತಿದ್ದವು, ಮೊಣಕಾಲೆತ್ತರ, ಕೆಳಗಿನ ಎಲೆಗಳೆಲ್ಲ ಹಳದಿ. ಅವನು ಕಷ್ಟಪಟ್ಟು ಕುಕ್ಕರಿಸಿ ಒಂದು ಕುಂಡದ ಮಣ್ಣಿಗೆ ಬೆರಳು ಚುಚ್ಚಿದ, ಮೂಸಿದ. ಇನ್ನೊಂದಕ್ಕೆ ಚುಚ್ಚಿದ. ಹನ್ನೆರಡನ್ನೂ ನೋಡಿದ.

"ಯಾವಾಗಿಂದ ಹೀಗಿವೆ?"

"ಮೊದಲಿಂದ್ಲೂ. ಬಾಡಿದ ಹಾಗೆ ಕಂಡಾಗೆಲ್ಲ ನೀರು ಹಾಕ್ತಿದ್ದೆ."

"ನೀರು ಹೆಚ್ಚಾಗಿ ಬೇರು ಕೊಳೆತಿದೆ ಕಣೆ. ಒಂದು ಸಲ ಈ ಮಣ್ಣು ಬೆರಳಿಗೆ ಹತ್ತಿದ್ರೂ ಹೇಳ್ತಿದ್ದೆ. ವಾರಕ್ಕೊಂದು ಸಲ ಹಾಕಿದ್ರೆ ಸಾಕಾಗಿತ್ತು."

ಅವನು ಹಾಸಿಗೆಯ ಚೌಕಟ್ಟು ಹಿಡಿದು ಕೂತ ಎರಡು ಚಳಿಗಾಲದ ರಾತ್ರಿಗಳು ಅವಳಿಗೆ ನೆನಪಾದವು. ಅವನ ಔಷಧಕ್ಕೆ ಕುತ್ತು ಬರಬಾರದೆಂದು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ತಾನೇ.

ಒನ್ನಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, ಇವನ್ನು ಕಿತ್ತು ಹಾಕೋಣ, ಮರಳು ಬೆರೆಸಿ ಹೊಸ ಮಣ್ಣು ತುಂಬಿ ಹೊಸ ಸಸಿ ನೆಡೋಣ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ, ಜೂನ್ ಹೊತ್ತಿಗೆ ಎದೆಯೆತ್ತರ ಬರುತ್ತವೆ ಅಂದ. ಡಾಕ್ಟರು ಜೂನ್ ತಿಂಗಳ ಮಾತೇ ಎತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ವಿಯೆನೊ ಹೂಂ ಅಂದಳು. ಮರಳು ಎಷ್ಟು ಹಾಕಬೇಕು ಎಂದು ಕೇಳಿದಳು.